ಸಣ್ಣ ಪಟ್ಟಣಗಳ ಕ್ರಿಸ್‌ಮಸ್ ಮೆರವಣಿಗೆ

ಸಣ್ಣ ಪಟ್ಟಣಗಳ ಕ್ರಿಸ್‌ಮಸ್ ಮೆರವಣಿಗೆಯು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪ್ರತಿವರ್ಷ ನಡೆಯುವ ಒಂದು ಸಾರ್ವಜನಿಕ ಉತ್ಸವ. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಸುಪಾಸಿನಿಂದ ಡಿಸೆಂಬರ್ ನಡುಭಾಗದವರೆಗಿನ ಯಾವುದಾದರೊಂದು ದಿನ, ಹೆಚ್ಚಾಗಿ ಶನಿವಾರ, ಪಟ್ಟಣದ ಮುಖ್ಯ ಬೀದಿಯಲ್ಲಿ ಇದು ಸಾಗುತ್ತದೆ. ಶಾಲಾ ವಾದ್ಯವೃಂದ, ಅಗ್ನಿಶಾಮಕ ವಾಹನ, ಚರ್ಚು ಹಾಗೂ ಸಂಘಸಂಸ್ಥೆಗಳ ಸ್ತಬ್ಧಚಿತ್ರ, ಟ್ರ್ಯಾಕ್ಟರು, ಕುದುರೆ ಮತ್ತು ಕಟ್ಟಕಡೆಗೆ ಸಾಂತಾ ಕ್ಲಾಸ್ ಇದರ ಸಾಮಾನ್ಯ ಅಂಗಗಳು. ಹೆಸರು ಕ್ರಿಸ್‌ಮಸ್ಸಿನದಾದರೂ ಇದು ಚರ್ಚಿನ ಆರಾಧನಾ ವಿಧಿಗೆ ಸೇರಿದ್ದಲ್ಲ. ಬಹುತೇಕ ಕಡೆಗಳಲ್ಲಿ ಇದನ್ನು ನಡೆಸುವವರು ವರ್ತಕರ ಸಂಘ, ಲಯನ್ಸ್ ಅಥವಾ ರೋಟರಿ ಕ್ಲಬ್ಬು, ಸ್ವಯಂಸೇವಕ ಅಗ್ನಿಶಾಮಕ ದಳ ಇಲ್ಲವೆ ಪುರಸಭೆ.

ಹಿನ್ನೆಲೆ

ಈ ಪದ್ಧತಿಯ ಬೇರು ಭಕ್ತಿಗಿಂತ ಹೆಚ್ಚಾಗಿ ವ್ಯಾಪಾರದಲ್ಲಿದೆ ಎನ್ನಬೇಕು. ಇಲಿನಾಯ್ ರಾಜ್ಯದ ಪಿಯೋರಿಯಾ ನಗರವು ತನ್ನ ಸಾಂತಾ ಮೆರವಣಿಗೆಯು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ನಡೆದು ಬಂದಿದೆಯೆಂದು ಹೇಳಿಕೊಳ್ಳುತ್ತದೆ. ಕೆನಡಾದ ಟೊರಾಂಟೊದಲ್ಲಿ ಈಟನ್ಸ್ ಎಂಬ ದೊಡ್ಡ ಅಂಗಡಿಯು 1905ರಲ್ಲಿ ಸಾಂತಾನನ್ನು ಬೀದಿಯಲ್ಲಿ ಕರೆತಂದಿತು. ಫಿಲಡೆಲ್ಫಿಯಾದ ಗಿಂಬೆಲ್ಸ್ 1920ರಲ್ಲಿ, ನ್ಯೂಯಾರ್ಕಿನ ಮೇಸೀಸ್ 1924ರಲ್ಲಿ ಅದೇ ಹಾದಿ ಹಿಡಿದವು. ಮೇಸೀಸ್ ಮೆರವಣಿಗೆ ನಡೆದದ್ದು ಥ್ಯಾಂಕ್ಸ್‌ಗಿವಿಂಗ್ ದಿನದಂದೇ ಆದರೂ ಅದರ ಮೊದಲ ಹೆಸರಿನಲ್ಲಿ ಇದ್ದದ್ದು ಕ್ರಿಸ್‌ಮಸ್. ಹಾಲಿವುಡ್‌ನಲ್ಲಿ 1928ರಲ್ಲಿ ಇಂಥದೇ ಮೆರವಣಿಗೆ ಆರಂಭವಾಯಿತು. ಸಾಂತಾ ಬಂದನೆಂದರೆ ಹಬ್ಬದ ಖರೀದಿಯ ಕಾಲ ಬಂತೆಂದೇ ಅರ್ಥ.

ಸಣ್ಣ ಪಟ್ಟಣಗಳ ವರ್ತಕರು ಇದನ್ನು ತಮ್ಮ ಶಕ್ತಿಗೆ ತಕ್ಕಂತೆ ಅನುಸರಿಸಿದರು. ಎರಡನೆಯ ಮಹಾಯುದ್ಧದ ನಂತರ ಹೆದ್ದಾರಿಗಳೂ ಊರಾಚೆಯ ಮಾಲ್‌ಗಳೂ ಬಂದು ಮುಖ್ಯ ಬೀದಿಯ ವ್ಯಾಪಾರ ಕುಗ್ಗಿತು. ಮೆರವಣಿಗೆ ಮಾತ್ರ ಎಷ್ಟೋ ಊರುಗಳಲ್ಲಿ ಉಳಿದುಕೊಂಡಿತು. ಬಾಗಿಲು ಮುಚ್ಚಿದ ಅಂಗಡಿಗಳ ಮುಂದೆ ವರ್ಷಕ್ಕೊಮ್ಮೆ ಊರಿಗೆ ಊರೇ ಸೇರುವ ದಿನ ಅದಾಯಿತು.

ಭಾಗವಹಿಸುವ ಕ್ರಮ

ಭಾಗವಹಿಸಲಿಚ್ಛಿಸುವವರು ಕೆಲವು ವಾರಗಳ ಮುಂಚೆಯೇ ಅರ್ಜಿ ಸಲ್ಲಿಸಬೇಕು. ಸಂಘಟಕರು ಆ ವರ್ಷದ ವಿಷಯವೊಂದನ್ನು ಪ್ರಕಟಿಸುತ್ತಾರೆ; ಸ್ತಬ್ಧಚಿತ್ರಗಳು ಅದಕ್ಕೆ ಹೊಂದಿಕೊಳ್ಳಬೇಕೆಂಬುದು ನಿರೀಕ್ಷೆ. ಪ್ರತಿ ತಂಡಕ್ಕೂ ಒಂದು ಕ್ರಮಸಂಖ್ಯೆ ದೊರೆಯುತ್ತದೆ. ಮೆರವಣಿಗೆಯ ಮುಂಚೂಣಿಯಲ್ಲಿ ಸಾಗುವ ಗೌರವಾನ್ವಿತ ವ್ಯಕ್ತಿಯನ್ನು ‘ಗ್ರ್ಯಾಂಡ್ ಮಾರ್ಷಲ್’ ಎನ್ನುತ್ತಾರೆ. ಮಹಾನಗರಗಳಲ್ಲಿ ಈ ಸ್ಥಾನ ಚಿತ್ರತಾರೆಯರಿಗೆ ಮೀಸಲು. ಸಣ್ಣ ಊರಿನಲ್ಲಿ ಅದು ನಿವೃತ್ತ ಶಿಕ್ಷಕಿಗೋ ಹಿರಿಯ ಯೋಧನಿಗೋ ಹಲವು ದಶಕ ಅಂಗಡಿ ನಡೆಸಿದ ವರ್ತಕನಿಗೋ ಸಲ್ಲುತ್ತದೆ.

ಸ್ತಬ್ಧಚಿತ್ರವೆಂದರೆ ಮೈಸೂರು ದಸರಾದಲ್ಲಿ ಕಾಣುವಂಥ ಭಾರಿ ರಚನೆಯನ್ನು ಊಹಿಸಬೇಕಾಗಿಲ್ಲ. ಹುಲ್ಲು ಸಾಗಿಸುವ ಚಪ್ಪಟೆ ಟ್ರೇಲರೇ ಇದರ ಆಧಾರ. ಅದರ ಮೇಲೆ ಪ್ಲೈವುಡ್ಡಿನ ಮನೆ, ಒಣಹುಲ್ಲಿನ ಪಿಂಡಿಗಳ ಆಸನ, ಕೋಳಿಗೂಡಿನ ತಂತಿಬಲೆಗೆ ಸಿಕ್ಕಿಸಿದ ಬಣ್ಣದ ಕಾಗದ, ವಿದ್ಯುದ್ದೀಪದ ಸರಗಳು; ದೀಪಗಳಿಗಾಗಿ ಒಂದು ಸಣ್ಣ ಜನರೇಟರು. ಒಣಹುಲ್ಲು, ಕಾಗದ ಮತ್ತು ಇಂಧನ ಒಂದೆಡೆ ಸೇರುವುದರಿಂದ ಅಗ್ನಿಶಾಮಕ ಸಾಧನ ಇರಲೇಬೇಕೆಂದು ಅನೇಕ ಕಡೆ ನಿಯಮವಿದೆ. ಇದನ್ನು ಎಳೆಯುವುದು ಯಾರದೋ ಪಿಕಪ್ ವಾಹನ ಇಲ್ಲವೆ ಟ್ರ್ಯಾಕ್ಟರು.

ನಿಯಮಗಳಲ್ಲಿ ಎರಡು ಎಲ್ಲೆಡೆಯೂ ಕೇಳಿಬರುತ್ತವೆ. ಮೊದಲನೆಯದು, ಸಂಘಟಕರ ಸಾಂತಾ ಹೊರತು ಬೇರೆ ಯಾರೂ ಆ ವೇಷ ಹಾಕಬಾರದು. ಕಾರಣ ಸರಳ: ಎರಡನೆಯ ಸಾಂತಾನನ್ನು ಕಂಡ ಐದು ವರ್ಷದ ಮಗು ಕೇಳುವ ಪ್ರಶ್ನೆಗೆ ಹೆತ್ತವರ ಬಳಿ ಉತ್ತರವಿರುವುದಿಲ್ಲ. ಎರಡನೆಯದು, ಚಲಿಸುವ ವಾಹನದಿಂದ ಮಿಠಾಯಿ ಎಸೆಯಬಾರದು. ಎಸೆದ ಮಿಠಾಯಿಯನ್ನು ಹೆಕ್ಕಲು ಮಕ್ಕಳು ಚಕ್ರದ ಬಳಿಗೆ ಓಡುತ್ತಾರೆ. ಆದ್ದರಿಂದ ವಾಹನದ ಪಕ್ಕದಲ್ಲಿ ನಡೆಯುವವರು ರಸ್ತೆಯಂಚಿಗೆ ಹೋಗಿ ಕೈಯಿಂದ ಕೈಗೆ ಹಂಚಬೇಕು.

ಆ ದಿನ ಭಾಗವಹಿಸುವವರ ಪಾಲಿಗೆ ಮೆರವಣಿಗೆಗಿಂತ ಕಾಯುವಿಕೆಯೇ ದೀರ್ಘ. ಒಂದೆರಡು ಗಂಟೆ ಮುಂಚಿತವಾಗಿ ಶಾಲೆಯ ಅಥವಾ ಚರ್ಚಿನ ವಾಹನ ನಿಲ್ದಾಣದಲ್ಲಿ ಎಲ್ಲರೂ ಕ್ರಮಸಂಖ್ಯೆಗೆ ಅನುಗುಣವಾಗಿ ಸಾಲುಗಟ್ಟುತ್ತಾರೆ. ಉತ್ತರದ ರಾಜ್ಯಗಳಲ್ಲಿ ಚಳಿ ಶೂನ್ಯಕ್ಕಿಂತ ಕೆಳಗಿಳಿದರೆ ಹಿತ್ತಾಳೆ ವಾದ್ಯಗಳ ಕವಾಟಗಳು ಹೆಪ್ಪುಗಟ್ಟುತ್ತವೆ. ಮರದ ಕ್ಲಾರಿನೆಟ್ ಸೀಳಬಹುದಾದ್ದರಿಂದ ವಿದ್ಯಾರ್ಥಿಗಳು ಪ್ಲಾಸ್ಟಿಕ್ಕಿನದನ್ನು ತರುತ್ತಾರೆ. ನೃತ್ಯತಂಡವೊಂದು ತೀರ್ಪುಗಾರರ ವೇದಿಕೆಯ ಮುಂದೆ ನಿಂತು ಪ್ರದರ್ಶನ ನೀಡಿದರೆ ಹಿಂದಿನವರೆಲ್ಲ ನಿಲ್ಲಬೇಕಾಗುತ್ತದೆ, ಮುಂದೆ ದೊಡ್ಡ ಅಂತರ ಬೀಳುತ್ತದೆ. ‘ನಿಲ್ಲದೆ ನಡೆಯಿರಿ’ ಎಂಬ ಸೂಚನೆ ಇದಕ್ಕಾಗಿಯೇ. ಕುದುರೆಗಳನ್ನು ಸಾಮಾನ್ಯವಾಗಿ ಕೊನೆಯ ಭಾಗದಲ್ಲಿರಿಸುತ್ತಾರೆ; ಅವುಗಳ ಹಿಂದೆ ಸಲಿಕೆ ಹಿಡಿದು ನಡೆಯುವವರಿಗೆ ಕೆಲವೊಮ್ಮೆ ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಬೀಳುವುದುಂಟು. ಅಗ್ನಿಶಾಮಕ ವಾಹನದ ಮೇಲೆ ಕುಳಿತ ಸಾಂತಾ ಹಾದುಹೋದೊಡನೆ ಜನ ಮಡಚುವ ಕುರ್ಚಿಗಳನ್ನು ಎತ್ತಿಕೊಂಡು ಹೊರಡುತ್ತಾರೆ.

ಯಾರು ಸೇರಬಹುದು ಎಂಬ ವಿವಾದ

ಬೀದಿ ಎಲ್ಲರದು, ಮೆರವಣಿಗೆ ಯಾರದು? ಬಾಸ್ಟನ್ನಿನ ಸೇಂಟ್ ಪ್ಯಾಟ್ರಿಕ್ ದಿನದ ಮೆರವಣಿಗೆಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ, ಮೆರವಣಿಗೆಯೂ ಒಂದು ಬಗೆಯ ಅಭಿವ್ಯಕ್ತಿಯೇ ಎಂದು ಒಮ್ಮತದಿಂದ ತೀರ್ಪಿತ್ತಿತು. ಅದರಂತೆ ಖಾಸಗಿ ಸಂಘಟಕರು ತಮಗೊಪ್ಪದ ಸಂದೇಶವನ್ನು ಸಾರುವ ಗುಂಪನ್ನು ಸೇರಿಸಿಕೊಳ್ಳಬೇಕೆಂದು ಸರ್ಕಾರ ಒತ್ತಾಯಿಸುವಂತಿಲ್ಲ. ಪುರಸಭೆಯೂ ಖಾಸಗಿ ಸಂಸ್ಥೆಯೂ ಕೂಡಿ ನಡೆಸುವ ಕಡೆ ತೊಡಕು ಬರುತ್ತದೆ. ಸುಮಾರು 16 ಸಾವಿರ ಜನಸಂಖ್ಯೆಯ ಟೆಕ್ಸಾಸ್‌ನ ಟೇಲರ್ ಪಟ್ಟಣದಲ್ಲಿ 2021ರ ಮೆರವಣಿಗೆಯಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆಯೊಂದರ ಸ್ತಬ್ಧಚಿತ್ರ ಸಾಗಿತು. ಮರುವರ್ಷ ಚರ್ಚುಗಳ ಒಕ್ಕೂಟವು ಬೈಬಲ್ಲಿನ ಮೌಲ್ಯಗಳಿಗೆ ವಿರುದ್ಧವಾದುದಕ್ಕೆ ಅವಕಾಶವಿಲ್ಲವೆಂದಿತು. ಪುರಸಭೆಯು ಎಲ್ಲರಿಗೂ ತೆರೆದ ಬೇರೊಂದು ಮೆರವಣಿಗೆಯನ್ನು ಏರ್ಪಡಿಸಿತು. ಒಂದೇ ಸಂಜೆ ಒಂದೇ ಊರಿನಲ್ಲಿ ಎರಡು ಮೆರವಣಿಗೆಗಳು ನಡೆದವು. ಉತ್ತರ ಕೆರೊಲಿನಾದ ಗಾರ್ನರ್ ಪಟ್ಟಣವು 2019ರಲ್ಲಿ, ಅಂತರ್ಯುದ್ಧ ಕಾಲದ ಒಕ್ಕೂಟ ಸೈನಿಕರ ವಂಶಸ್ಥರ ಸಂಘವು ಭಾಗವಹಿಸುವುದರ ಬಗ್ಗೆ ಎದ್ದ ವಿವಾದದಿಂದ ಮೆರವಣಿಗೆಯನ್ನೇ ಕೈಬಿಟ್ಟಿತು.

ಸುರಕ್ಷತೆ

2021ರ ನವೆಂಬರ್ 21ರಂದು ವಿಸ್ಕಾನ್ಸಿನ್ ರಾಜ್ಯದ ವಾಕೆಶಾ ನಗರದಲ್ಲಿ ವ್ಯಕ್ತಿಯೊಬ್ಬ ಮೆರವಣಿಗೆಯ ನಡುವೆ ಕಾರು ನುಗ್ಗಿಸಿದ. ಎಂಟು ವರ್ಷದ ಬಾಲಕನೂ ಸೇರಿ ಆರು ಮಂದಿ ಮೃತಪಟ್ಟರು. 60ಕ್ಕೂ ಹೆಚ್ಚು ಜನ ಗಾಯಗೊಂಡರು. ಮೃತರಲ್ಲಿ ಮೂವರು ‘ಮಿಲ್ವಾಕೀ ಡಾನ್ಸಿಂಗ್ ಗ್ರ್ಯಾನೀಸ್’ ಎಂಬ ಅಜ್ಜಿಯರ ನೃತ್ಯತಂಡದ ಸದಸ್ಯೆಯರು, ಇನ್ನೊಬ್ಬರು ತಂಡದ ಸದಸ್ಯೆಯೊಬ್ಬರ ಪತಿ. ಅಪರಾಧಿಗೆ 2022ರ ನವೆಂಬರಿನಲ್ಲಿ ಜೀವಾವಧಿ ಶಿಕ್ಷೆಯಾಯಿತು. ಮರುತಿಂಗಳು ವಾಕೆಶಾದ ಮೆರವಣಿಗೆ ಬಿಗಿಯಾದ ತಡೆಗಳ ನಡುವೆ ಮತ್ತೆ ನಡೆಯಿತು, ಅಜ್ಜಿಯರ ತಂಡವೂ ಮತ್ತೆ ಕುಣಿಯಿತು.

ಅದೇ 2022ರ ನವೆಂಬರಿನಲ್ಲಿ ಉತ್ತರ ಕೆರೊಲಿನಾದ ರಾಜಧಾನಿ ರಾಲಿಯಲ್ಲಿ ಸ್ತಬ್ಧಚಿತ್ರವನ್ನು ಎಳೆಯುತ್ತಿದ್ದ ಪಿಕಪ್ ವಾಹನವು ಹತೋಟಿ ತಪ್ಪಿ, ನೃತ್ಯತಂಡದಲ್ಲಿದ್ದ 11 ವರ್ಷದ ಬಾಲಕಿ ಸಾವಿಗೀಡಾದಳು. ಮೊದಲನೆಯದು ಹೊರಗಿನಿಂದ ಬಂದ ಅಪಾಯ, ಇದು ಮೆರವಣಿಗೆಯೊಳಗಿನದೇ. ಅಡ್ಡರಸ್ತೆಗಳಿಗೆ ಭಾರವಾದ ಲಾರಿಗಳನ್ನು ನಿಲ್ಲಿಸುವುದರಿಂದ ಎರಡನೆಯದನ್ನು ತಡೆಯಲಾಗದು. ಅದಕ್ಕೆ ವಾಹನದ ತಪಾಸಣೆ, ಚಾಲಕನ ಅರ್ಹತೆ, ನಡೆಯುವ ಮಕ್ಕಳಿಗೂ ವಾಹನಕ್ಕೂ ನಡುವಿನ ಅಂತರ ಇವೇ ಬೇಕು.

ಬದಲಾದ ರೂಪಗಳು

ಕರಾವಳಿಯ ಊರುಗಳಲ್ಲಿ ದೀಪಾಲಂಕೃತ ದೋಣಿಗಳೂ ಕ್ಯಾಲಿಫೋರ್ನಿಯಾದ ಕ್ಯಾಲಿಸ್ಟೋಗಾದಂಥ ಕೃಷಿಪ್ರದೇಶದಲ್ಲಿ ದೀಪ ತೊಟ್ಟ ಟ್ರ್ಯಾಕ್ಟರುಗಳೂ ಮೆರವಣಿಗೆ ಹೊರಡುತ್ತವೆ. ಕೋವಿಡ್ ಹರಡಿದ್ದ 2020ರಲ್ಲಿ ಹಲವು ಪಟ್ಟಣಗಳು ಕ್ರಮವನ್ನೇ ತಿರುಗಿಸಿದವು: ಸ್ತಬ್ಧಚಿತ್ರಗಳು ಮೈದಾನದಲ್ಲಿ ನಿಂತವು, ಪ್ರೇಕ್ಷಕರು ಕಾರಿನಲ್ಲಿ ಕುಳಿತು ಅವುಗಳ ಮುಂದೆ ನಿಧಾನವಾಗಿ ಸಾಗಿದರು.