ವ್ಯಸನಗಳ ಬಗೆಗಳು: ದಂಪತಿಗಳು ತಿಳಿದಿರಬೇಕಾದ ವಿಷಯ

ನಮ್ಮ ಹಿರಿಯರು ಸಪ್ತವ್ಯಸನಗಳನ್ನು ಎಣಿಸುವಾಗ ಮದ್ಯಪಾನದೊಡನೆ ಜೂಜನ್ನೂ ಸೇರಿಸಿದರು. ಒಂದು ದೇಹದೊಳಕ್ಕೆ ಹೋಗುವ ವಸ್ತು, ಇನ್ನೊಂದು ಬರಿಯ ಆಟ. ಆದರೂ ಎರಡೂ ಮನುಷ್ಯನನ್ನು ಕಟ್ಟಿಹಾಕುತ್ತವೆ. ಹಾನಿಯಾಗುತ್ತಿದೆಯೆಂದು ತಿಳಿದೂ, ಬಿಡಬೇಕೆಂದು ಬಯಸಿಯೂ ಬಿಡಲಾಗದ ಸ್ಥಿತಿಯೇ ವ್ಯಸನ. ಇದು ಚಿಕಿತ್ಸೆಯುಳ್ಳ ರೋಗ, ಬರಿಯ ದುರ್ನಡತೆಯಲ್ಲ.

ತಂಬಾಕು

ಬೀಡಿ, ಗುಟ್ಕಾ, ಸುಣ್ಣದೊಡನೆ ತಿಕ್ಕಿದ ತಂಬಾಕು, ಹಲ್ಲಿಗೆ ಹಚ್ಚುವ ತಂಬಾಕಿನ ಪುಡಿ, ಎಲ್ಲದರಲ್ಲಿಯೂ ನಿಕೋಟಿನ್ ಇದೆ. ಹಲ್ಲುನೋವಿಗೆಂದು ಪುಡಿ ಹಚ್ಚುವ ಸ್ತ್ರೀಯರು ಅದನ್ನು ವ್ಯಸನವೆಂದು ಎಣಿಸುವುದೇ ಅಪರೂಪ. ಗರ್ಭಿಣಿಯು ತಂಬಾಕು ಬಳಸಿದರೆ ಶಿಶುವಿನ ತೂಕ ಕಡಿಮೆಯಾಗುವ ಮತ್ತು ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವವಿದೆ. ಪತಿಯು ಮನೆಯೊಳಗೆ ಸೇದುವ ಬೀಡಿಯ ಹೊಗೆಯೂ ಆಕೆಗೆ ಹಾನಿಕರ. ಬಾಯಿಯ ಹುಣ್ಣು 2 ವಾರಗಳಲ್ಲಿ ಮಾಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ.

ಮದ್ಯ

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಸಂಕ್ರಾಂತಿಯ ಜಾತ್ರೆಯಲ್ಲಿ ಸಿದ್ಧೇಶ್ವರನ ಮುಂದೆ ಕುಡಿತ ಬಿಡುವ ಆಣೆ ಮಾಡುವುದು ಒಳ್ಳೆಯ ಸಂಕಲ್ಪವೇ. ಆದರೆ ಬಹುವರ್ಷ ದಿನವೂ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ, ಮೊದಲ ಕೆಲವು ದಿನಗಳಲ್ಲಿ ಕೈನಡುಕ, ಬೆವರು, ಫಿಟ್ಸ್, ಭ್ರಮೆ ಕಾಣಿಸಬಹುದು, ಪ್ರಾಣಾಪಾಯವೂ ಉಂಟು. ಇದನ್ನು ದೆವ್ವದ ಕಾಟವೆಂದಾಗಲಿ, ದೇವರ ಮುನಿಸೆಂದಾಗಲಿ ಭಾವಿಸದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರ ಸಲಹೆ ಪಡೆದೇ ಬಿಟ್ಟರೆ ಈ ದಿನಗಳನ್ನು ಔಷಧದ ನೆರವಿನಿಂದ ಸುರಕ್ಷಿತವಾಗಿ ದಾಟಬಹುದು.

ಜೂಜು

ಇಸ್ಪೀಟು, ಮಟ್ಕಾಗಳ ಜೊತೆಗೆ ಈಗ ಮೊಬೈಲಿನ ಹಣದಾಟವೂ ಸೇರಿದೆ. ಇಂತಹ ಆಟಗಳನ್ನು ನಿಷೇಧಿಸುವ ಕೇಂದ್ರ ಕಾನೂನು 2025ರಲ್ಲಿ ಬಂದಿತು. ತಿಕೋಟಾ, ಬಬಲೇಶ್ವರಗಳಲ್ಲಿ ಒಣದ್ರಾಕ್ಷಿ ಮಾರಿದ ಹಣ ವರ್ಷದ ದುಡಿಮೆಯ ಫಲ. ಜೂಜಿಗೆ ಅದನ್ನು ನುಂಗಲು ಒಂದು ರಾತ್ರಿ ಸಾಕು. ಕಳೆದುದನ್ನು ಮರಳಿ ಗೆಲ್ಲುವೆನೆಂಬ ಹಟವೇ ಈ ರೋಗದ ಮುಖ್ಯ ಲಕ್ಷಣ.

ದಂಪತಿಗಳು ಮಾಡಬೇಕಾದುದು

ಅಮಲಿನಲ್ಲಿರುವವರೊಡನೆ ವಾದಿಸಬೇಡಿರಿ, ಮರುದಿನ ಬೆಳಿಗ್ಗೆ ಶಾಂತವಾಗಿ ಮಾತನಾಡಿರಿ. ವ್ಯಸನಕ್ಕಾಗಿ ಸಾಲ ತಂದುಕೊಡಬೇಡಿರಿ. ಹೊಡೆತವನ್ನು ಸಹಿಸಿ ಮುಚ್ಚಿಡುವುದು ಪತಿಭಕ್ತಿಯಲ್ಲ. ನೆರವು ಕೇಳುವುದು ತಪ್ಪೂ ಅಲ್ಲ. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಾಗಲಿ, ವಿಜಯಪುರದ ಜಿಲ್ಲಾ ಆಸ್ಪತ್ರೆಗಾಗಲಿ ಇಬ್ಬರೂ ಕೂಡಿ ಹೋಗಿರಿ. ಟೆಲಿ ಮಾನಸ್ ದೂರವಾಣಿ 14416ರಲ್ಲಿ ಉಚಿತ ಸಲಹೆ ದೊರೆಯುತ್ತದೆ. ಬಿಟ್ಟವರು ಮತ್ತೆ ಜಾರಿದರೆ ಹೀಯಾಳಿಸದೆ ಪುನಃ ಚಿಕಿತ್ಸೆಗೆ ಕರೆದೊಯ್ಯಿರಿ. ಎರಡನೆಯ, ಮೂರನೆಯ ಪ್ರಯತ್ನದಲ್ಲಿ ಗೆದ್ದವರು ಅನೇಕರಿದ್ದಾರೆ.