ಗಡಿಯಾಚೆಯ ಮಕ್ಕಳಿಗೆ ಎಂತಹ ವಿಜ್ಞಾನ?

ಆದೋನಿ ನಮ್ಮ ಕಾಸರಗೋಡಿನಿಂದ ಬಹುದೂರ. ಆದರೆ ಅಲ್ಲಿನ ಕನ್ನಡಿಗರ ಪಾಡು ನಮಗೆ ಅಪರಿಚಿತವಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದ ಪಾಲಾದವು. ಮೊದಲಿನೆರಡು ಕರ್ನೂಲು ಜಿಲ್ಲೆಗೆ ಸೇರಿದವು. ಮೂರು ವರ್ಷಗಳ ಬಳಿಕ, 1956ರ ನವೆಂಬರ್ 1ರಂದು, ನಾವು ಕೇರಳಕ್ಕೆ ಸೇರಿದೆವು. ಎರಡೂ ಕಡೆ ಕನ್ನಡ ಶಾಲೆಗಳು ಉಳಿದುಕೊಂಡವು. ಪಾಠಕ್ರಮ ಮಾತ್ರ ದೂರದ ರಾಜಧಾನಿಯಿಂದ ಬರತೊಡಗಿತು.

ವಿಜ್ಞಾನ ಶಿಕ್ಷಣದ ಸುಧಾರಣೆಯೆಂದರೆ ಪುಸ್ತಕ ಬದಲಿಸುವುದಷ್ಟೇ ಎಂಬ ಭಾವನೆ ಬಲವಾಗಿದೆ. ಪ್ರದೇಶದ ಅಗತ್ಯವೇನೆಂದು ಮೊದಲು ವಿಚಾರಿಸುವುದು ಅಪರೂಪ.

ಪಾರಿಭಾಷಿಕ ಪದಗಳನ್ನೇ ನೋಡೋಣ. ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸುವ ಕ್ರಿಯೆಯನ್ನು ಕನ್ನಡದಲ್ಲಿ ದ್ಯುತಿಸಂಶ್ಲೇಷಣೆ ಎನ್ನುತ್ತೇವೆ. ತೆಲುಗಿನಲ್ಲಿ ಅದು ಕಿರಣಜನ್ಯ ಸಂಯೋಗಕ್ರಿಯೆ, ಮಲಯಾಳದಲ್ಲಿ ಪ್ರಕಾಶಸಂಶ್ಲೇಷಣ. ತರಬೇತಿ ಒಂದು ಭಾಷೆಯಲ್ಲಿ, ಪಾಠ ಇನ್ನೊಂದರಲ್ಲಿ ಆದರೆ ಅಧ್ಯಾಪಕರಿಗೂ ಗೊಂದಲ, ಮಗುವಿಗೂ ಬಾಯಿಪಾಠವೇ ಗತಿ.

ಇನ್ನು ಮಣ್ಣು, ನೀರು. ನಮ್ಮಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ, ಮುರಕಲ್ಲಿನ ಗುಡ್ಡ, ನೀರಿಗಾಗಿ ಕೊರೆದ ಸುರಂಗ. ಕೊಳೆರೋಗಕ್ಕೆ ಅಡಿಕೆ ಕೃಷಿಕ ಮೈಲುತುತ್ತಿಗೆ ಸುಣ್ಣ ಬೆರೆಸುವುದೇ ಒಳ್ಳೆಯ ರಸಾಯನಶಾಸ್ತ್ರದ ಪಾಠ. ಆದೋನಿಯದ್ದು ಮಳೆ ಕಡಿಮೆಯ ಸೀಮೆ. ಅಲ್ಲಿನ ಕರಿಮಣ್ಣು ನೀರುಂಡು ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಹತ್ತಿಯ ಕಾಯಿಕೊರಕ ಹುಳು ಮಕ್ಕಳ ಮನೆಯ ಅನ್ನಕ್ಕೇ ಕನ್ನ ಹಾಕುತ್ತದೆ. ಇವೆರಡಕ್ಕೂ ಒಂದೇ ಪ್ರಯೋಗಪಟ್ಟಿ ಹೊಂದೀತೇ?

ಹೊಂದಿಸಿ ಕಲಿಸಲು ಸಾಧ್ಯವೆಂಬುದಕ್ಕೆ ನಿದರ್ಶನವಿದೆ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಆರಂಭವಾದ ಯೋಜನೆ, ಸುತ್ತಲಿನ ಹೊಲ, ಗಿಡ, ಕೀಟಗಳನ್ನೇ ಪ್ರಯೋಗಸಾಮಗ್ರಿಯಾಗಿಸಿತು. ಸರಕಾರ 2002ರಲ್ಲಿ ಅದನ್ನು ನಿಲ್ಲಿಸಿತಾದರೂ ಅದರ ಪಾಠ ಹಳತಾಗಿಲ್ಲ.

ಪಶ್ಚಿಮ ಕರ್ನೂಲಿಗೆ ಇನ್ನೂ ಒಂದು ಕಷ್ಟವಿದೆ. ಬರಗಾಲದಲ್ಲಿ ಅನೇಕ ಕುಟುಂಬಗಳು ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಂಟೂರಿನತ್ತ ಗುಳೆ ಹೋಗುತ್ತವೆ. ಜೊತೆಗೆ ಹೋದ ಮಗು ಮರಳುವಾಗ ತರಗತಿ ಎಷ್ಟೋ ಪಾಠ ದಾಟಿರುತ್ತದೆ. ಅಂತಹ ಮಗುವಿಗೆ ಬಿಟ್ಟುಹೋದ ಪಾಠವನ್ನು ತಾಯ್ನುಡಿಯಲ್ಲಿ ಮತ್ತೆ ಹೇಳಿಕೊಡುವವರು ಬೇಕು. ಆದರೆ 2019ರಲ್ಲಿ ಆಂಧ್ರ ಸರಕಾರ ಸರಕಾರಿ ಶಾಲೆಗಳಿಗೆಲ್ಲ ಇಂಗ್ಲಿಷ್ ಮಾಧ್ಯಮ ವಿಧಿಸಹೊರಟಿತು. 2020ರ ಏಪ್ರಿಲಿನಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದುಗೊಳಿಸಿತು.

ಸಂವಿಧಾನದ 350ಎ ವಿಧಿ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಕರ್ಯ ಕಲ್ಪಿಸಬೇಕೆನ್ನುತ್ತದೆ. ವಿಜ್ಞಾನ ಕಠಿಣವಾಗುವುದಾದರೋ ಪ್ರಾಥಮಿಕ ಹಂತ ಮುಗಿದ ಮೇಲೆಯೇ. ಆದುದರಿಂದ ಯೋಜನೆ ಹಾಕುವ ಮೊದಲು ಶಾಲೆ ಶಾಲೆಗೂ ಹೋಗಿ ಕೇಳಬೇಕು: ಕನ್ನಡ ಬಲ್ಲ ವಿಜ್ಞಾನ ಅಧ್ಯಾಪಕರಿದ್ದಾರೆಯೇ? ಪುಸ್ತಕ ಜೂನಿನಲ್ಲೇ ಬಂದಿತೇ? ಊರಿನ ನೀರು, ಬೆಳೆ, ರೋಗಗಳಿಗೆ ಪಾಠದಲ್ಲಿ ಸ್ಥಾನವಿದೆಯೇ?

ಆದೋನಿಯವರಿಗೂ ನಮಗೂ ಬೇಕಾದುದು ರಿಯಾಯಿತಿಯಲ್ಲ, ಈ ವಿಚಾರಣೆ. ನಮ್ಮ ರಕ್ಷಕ-ಶಿಕ್ಷಕ ಸಭೆಗಳಲ್ಲಿ ಈ ಮೂರು ಪ್ರಶ್ನೆಗಳನ್ನು ನಾವೇ ಮೊದಲು ಎತ್ತೋಣ.