ಕಾರಿನ ಹಿಂಬಾಗಿಲನ್ನು ಎತ್ತಿ ಹಿಡಿಯುವ ಅನಿಲ

ಹಿಂಬದಿಯಲ್ಲಿ ಮೇಲಕ್ಕೆ ತೆರೆಯುವ ಬಾಗಿಲುಳ್ಳ ಕಾರುಗಳನ್ನು ವಾಚಕರೆಲ್ಲರೂ ನೋಡಿಯೇ ಇರುತ್ತಾರೆ. ಡಿಕ್ಕಿಯ ಚಿಲಕವನ್ನು ಬಿಡಿಸಿ ಬಾಗಿಲನ್ನು ಒಂದೆರಡು ಗೇಣಿನಷ್ಟು ಎತ್ತಿದರೆ ಸಾಕು, ಉಳಿದ ಕೆಲಸವನ್ನು ಅದು ತಾನೇ ಮಾಡಿಕೊಳ್ಳುತ್ತದೆ. ಮೆಲ್ಲನೆ ಮೇಲೇರಿ ನಮ್ಮ ತಲೆಯ ಮೇಲೆ ಸೂರಿನಂತೆ ನಿಲ್ಲುತ್ತದೆ. ಹಲವು ವರ್ಷ ಓಡಿದ ಕಾರಿನಲ್ಲಿ ಈ ಸೌಕರ್ಯ ಕ್ರಮೇಣ ಕೆಡುವುದುಂಟು. ಎತ್ತಿದಲ್ಲಿ ನಿಲ್ಲದೆ ಬಾಗಿಲು ಇಳಿಯತೊಡಗುತ್ತದೆ. ಅದರಲ್ಲಿಯೂ ಒಂದು ವಿಚಿತ್ರವುಂಟು: ಮಧ್ಯಾಹ್ನ ಚೆನ್ನಾಗಿ ನಿಂತಿದ್ದ ಬಾಗಿಲು ಮರುದಿನ ಮುಂಜಾನೆ ನಿಲ್ಲುವುದಿಲ್ಲ. ಮಧ್ಯಾಹ್ನದ ಅನುಭವವನ್ನು ನಂಬಿ ಸಾಮಾನು ತೆಗೆಯಲು ಬಗ್ಗಿದವರ ತಲೆಯ ಮೇಲೋ, ಅಂಚನ್ನು ಹಿಡಿದು ನಿಂತ ಮಗುವಿನ ಬೆರಳುಗಳ ಮೇಲೋ ಹದಿನೈದಿಪ್ಪತ್ತು ಕಿಲೋಗ್ರಾಂ ತೂಕದ ಗಾಜು ಮತ್ತು ಲೋಹ ಬಂದು ಬೀಳುವುದೆಂದರೆ ಸಣ್ಣ ಮಾತಲ್ಲ.

ಇಂಥ ಹಿಂಬಾಗಿಲು ಈಚಿನ ಕಲ್ಪನೆಯಲ್ಲ. ಫ್ರಾನ್ಸಿನ ರೆನೋ 4 ಎಂಬ ಕಾರಿಗೆ 1961ರಲ್ಲಿಯೇ ಅದಿತ್ತು. ನಮ್ಮ ದೇಶದಲ್ಲಿ 1983ರಲ್ಲಿ ಹೊರಬಂದ ಮಾರುತಿ 800, 1993ರ ಝೆನ್, 1998ರ ಟಾಟಾ ಇಂಡಿಕಾ ಮೊದಲಾದ ಕಾರುಗಳು ಅದನ್ನು ಮನೆಮಾತಾಗಿಸಿದವು. ಬಾಗಿಲಿನ ಎರಡು ಪಕ್ಕದಲ್ಲಿ ಕಾಣುವ ಕಪ್ಪು ಬಣ್ಣದ ತೆಳು ದಂಡಗಳೇ ಅದನ್ನು ಹೊರುವ ಆಳುಗಳು. ಗ್ಯಾರೇಜಿನವರು ಇವನ್ನು ‘ಡಿಕ್ಕಿ ಶಾಕರ್’ ಎನ್ನುತ್ತಾರೆ. ರಸ್ತೆಯ ಕುಲುಕಾಟವನ್ನು ಹೀರುವ ಶಾಕ್ ಅಬ್ಸಾರ್ಬರಿಗೂ ಇದಕ್ಕೂ ಉದ್ದೇಶದಲ್ಲಿ ಸಂಬಂಧವಿಲ್ಲ. ಇದು ವಾಸ್ತವವಾಗಿ ಅನಿಲದಿಂದ ಮಾಡಿದ ಸ್ಪ್ರಿಂಗು. ಆದರೂ ಬಳಕೆಯ ಹೆಸರನ್ನು ತಿದ್ದುವ ಹಟ ನಮಗಿಲ್ಲ. ಆ ಹೆಸರು ಪೂರ್ತಿ ತಪ್ಪೂ ಅಲ್ಲವೆಂಬುದು ಮುಂದೆ ತಿಳಿಯುತ್ತದೆ.

ಭಾರವನ್ನು ಎತ್ತಲು ಇನ್ನೊಂದು ಭಾರದ ನೆರವು ಪಡೆಯುವ ಉಪಾಯ ನಮ್ಮ ಹಳ್ಳಿಗಳಿಗೆ ಬಹಳ ಹಳೆಯದು. ಬಾವಿಯಿಂದ ನೀರೆತ್ತುವ ಏತದ ಹಿಂತುದಿಗೆ ಕಲ್ಲು ಕಟ್ಟಿರುತ್ತಿದ್ದರು. ಬಾನಿ ಮೇಲೆ ಬರುವಾಗ ಆ ಕಲ್ಲು ಇಳಿದು ಎತ್ತುವವನ ಶ್ರಮವನ್ನು ತಾನು ಹಂಚಿಕೊಳ್ಳುತ್ತಿತ್ತು. ಕಾರಿನಲ್ಲಿ ಅಂಥ ಕಲ್ಲನ್ನು ಹೊತ್ತು ತಿರುಗುವಂತಿಲ್ಲ. ಆ ಕಲ್ಲಿನ ಕೆಲಸವನ್ನು ಇಲ್ಲಿ ಒಂದು ಹಿಡಿಯೊಳಗೆ ಅಡಗಬಹುದಾದಷ್ಟು ಅನಿಲ ಮಾಡುತ್ತದೆ.

ಶಾಕರಿನ ಒಳರಚನೆ ಸರಳವಾದುದು. ಒಂದು ಉಕ್ಕಿನ ಕೊಳವೆ. ಅದರ ಒಂದು ತುದಿ ಪೂರ್ತಿ ಮುಚ್ಚಿದೆ. ಇನ್ನೊಂದು ತುದಿಯಲ್ಲಿರುವ ರಬ್ಬರಿನ ಬಿಗಿಮುದ್ರೆಯ ಮೂಲಕ ನುಣುಪಾದ ಒಂದು ಸರಳು ಒಳಹೊರಗೆ ಜಾರುತ್ತದೆ. ಸರಳಿನ ಒಳತುದಿಯಲ್ಲಿ ಒಂದು ಪಿಸ್ಟನ್ನು. ಕೊಳವೆಯಲ್ಲಿ ಹೆಚ್ಚಿನ ಒತ್ತಡದ ಸಾರಜನಕವನ್ನೂ ಕೆಲವು ಘನ ಸೆಂಟಿಮೀಟರುಗಳಷ್ಟು ಎಣ್ಣೆಯನ್ನೂ ತುಂಬಿರುತ್ತಾರೆ. ಸಾರಜನಕವೇ ಏಕೆಂದರೆ, ಅದು ಅಗ್ಗ, ಉಕ್ಕಿಗೆ ತುಕ್ಕು ಹಿಡಿಸುವುದಿಲ್ಲ, ಎಣ್ಣೆಯೊಡನೆ ಸೇರಿ ಹೊತ್ತಿಕೊಳ್ಳುವುದಿಲ್ಲ. ಅಷ್ಟೊಂದು ಒತ್ತಡದಲ್ಲಿ ಎಣ್ಣೆಯ ಜೊತೆಗೆ ಆಮ್ಲಜನಕವನ್ನಿಡುವುದು ಅಪಾಯಕರ.

ಈಗ ವಿದ್ಯಾರ್ಥಿಗಳಿಗೊಂದು ಪ್ರಶ್ನೆ. ಕೊಳವೆಯ ಒಳವ್ಯಾಸ 15 ಮಿಲಿಮೀಟರ್, ಸರಳಿನ ವ್ಯಾಸ 8 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಸರಳನ್ನು ಹೊರಕ್ಕೆ ನೂಕುವ ಬಲವನ್ನು ಕಂಡುಹಿಡಿಯಲು ಒತ್ತಡವನ್ನು ಯಾವ ವಿಸ್ತೀರ್ಣದಿಂದ ಗುಣಿಸಬೇಕು? ತರಗತಿಯಲ್ಲಿ ಕೇಳಿದಾಗ ಹತ್ತರಲ್ಲಿ ಎಂಟು ಮಂದಿ ‘ಪಿಸ್ಟನ್ನಿನ ವಿಸ್ತೀರ್ಣದಿಂದ’ ಎನ್ನುತ್ತಾರೆ. ಪಠ್ಯಪುಸ್ತಕದ ಎಂಜಿನ್ನಿನ ಚಿತ್ರ ಅವರ ಮನಸ್ಸಿನಲ್ಲಿ ಅಷ್ಟು ಗಟ್ಟಿಯಾಗಿ ಕುಳಿತಿರುತ್ತದೆ. ಆದರೆ ಶಾಕರಿನ ಪಿಸ್ಟನ್ನಿನಲ್ಲಿ ಸಣ್ಣ ರಂಧ್ರಗಳಿವೆ. ಅವುಗಳ ಮೂಲಕ ಅನಿಲ ಅದರ ಎರಡು ಪಕ್ಕಕ್ಕೂ ಹರಿಯುವುದರಿಂದ ಎರಡು ಕಡೆಯ ಒತ್ತಡವೂ ಸಮನಾಗಿರುತ್ತದೆ. ಪಿಸ್ಟನ್ನಿನ ಒಂದು ಮುಖದ ಮೇಲೆ ಅನಿಲ ಪೂರ್ತಿ ವಿಸ್ತೀರ್ಣವನ್ನು ಒತ್ತುತ್ತದೆ; ಇನ್ನೊಂದು ಮುಖದಲ್ಲಿ ಸರಳು ಆಕ್ರಮಿಸಿದ ಜಾಗವನ್ನು ಬಿಟ್ಟು ಉಳಿದುದನ್ನು ಮಾತ್ರ ಒತ್ತುತ್ತದೆ. ಈ ಎರಡರ ವ್ಯತ್ಯಾಸವೇ ಉಳಿಯುವ ಬಲ. ಅಂದರೆ ಲೆಕ್ಕಕ್ಕೆ ಬರುವುದು ಸರಳಿನ ಅಡ್ಡಕೊಯ್ತದ ವಿಸ್ತೀರ್ಣವೊಂದೇ. ಅದು ಸುಮಾರು 50 ಚದರ ಮಿಲಿಮೀಟರ್, ಪಿಸ್ಟನ್ನಿನ ವಿಸ್ತೀರ್ಣದ ಮೂರೂವರೆಯಲ್ಲಿ ಒಂದು ಪಾಲು. ಇಷ್ಟು ಕಿರಿದಾದ ವಿಸ್ತೀರ್ಣದಿಂದ 400 ನ್ಯೂಟನ್ ಬಲವನ್ನು ಪಡೆಯಬೇಕಾದರೆ ಒಳಗಿನ ಒತ್ತಡ ಸುಮಾರು 80 ವಾಯುಮಂಡಲಗಳಷ್ಟಿರಬೇಕು. ಕಾರಿನ ಚಕ್ರದಲ್ಲಿ ನಾವು ತುಂಬುವ ಗಾಳಿಗಿಂತ ಇದು ಸುಮಾರು ನಲವತ್ತು ಪಟ್ಟು ಹೆಚ್ಚು. ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕು.

ಸರಳು ಒಳಹೋದಂತೆ ಅನಿಲಕ್ಕಿರುವ ಜಾಗ ಕಡಮೆಯಾಗುತ್ತದೆ. ಸರಳು 12 ಸೆಂಟಿಮೀಟರ್ ಒಳಹೋದರೆ ಅದು ಆಕ್ರಮಿಸುವ ಗಾತ್ರ 6 ಘನ ಸೆಂಟಿಮೀಟರ್. ಮೊದಲು ಅನಿಲದ ಗಾತ್ರ 24 ಘನ ಸೆಂಟಿಮೀಟರ್ ಇದ್ದರೆ ಈಗ 18. ಬಾಯಲನ ನಿಯಮದಂತೆ ಒತ್ತಡ ಮೂರನೆಯ ಒಂದರಷ್ಟು ಏರುತ್ತದೆ. 400 ನ್ಯೂಟನ್ ಇದ್ದ ಬಲ 533ಕ್ಕೆ ಮುಟ್ಟುತ್ತದೆ. ಸುರುಳಿ ಸ್ಪ್ರಿಂಗಿನ ಬಲವಾದರೋ ಅದು ಹಿಗ್ಗಿದಂತೆಲ್ಲ ಬೇಗ ಕುಗ್ಗುತ್ತದೆ. ಅನಿಲದ ಸ್ಪ್ರಿಂಗು ತನ್ನ ಓಟದ ಕೊನೆಯಲ್ಲಿಯೂ ಮುಕ್ಕಾಲು ಪಾಲು ಬಲವನ್ನು ಉಳಿಸಿಕೊಂಡಿರುವುದರಿಂದಲೇ ಈ ಕೆಲಸಕ್ಕೆ ಅದನ್ನು ಆರಿಸಿರುವುದು.

ಇಷ್ಟು ಬಲವಿದ್ದರೂ ಮುಚ್ಚಿದ ಬಾಗಿಲನ್ನು ಮೊದಲು ಕೈಯಿಂದಲೇ ಎತ್ತಬೇಕಲ್ಲ, ಏಕೆ? ಇದಕ್ಕೆ ಉತ್ತರ ಸನ್ನೆಯ ತತ್ತ್ವದಲ್ಲಿದೆ. ತಿರುಗುಣಿಯ ಹತ್ತಿರ ಕೈಯಿಟ್ಟು ಮನೆಯ ಬಾಗಿಲನ್ನು ನೂಕಿದರೆ ಅದು ಅಲುಗುವುದೇ ಕಷ್ಟ. ದೂರದ ಅಂಚನ್ನು ನೂಕಿದರೆ ಬೆರಳೊಂದೇ ಸಾಕು. ಬಲವನ್ನು, ಅದು ವರ್ತಿಸುವ ರೇಖೆಗೂ ತಿರುಗುಣಿಗೂ ಇರುವ ಲಂಬದೂರದಿಂದ ಗುಣಿಸಿದರೆ ಬರುವುದೇ ತಿರುಗುಬಲ. ಬಾಗಿಲು ಮುಚ್ಚಿರುವಾಗ ಶಾಕರ್ ಬಹುಮಟ್ಟಿಗೆ ಕೀಲಿನ ದಿಕ್ಕಿಗೇ ಮುಖಮಾಡಿ ಮಲಗಿರುವುದರಿಂದ ಈ ಲಂಬದೂರ ಬಹಳ ಕಡಮೆ. ಬಾಗಿಲು ಏರಿದಂತೆ ದೂರ ಹೆಚ್ಚಿ ಶಾಕರಿನ ಕೈ ಮೇಲಾಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಬಾಗಿಲಿನ ದ್ರವ್ಯರಾಶಿ 16 ಕಿಲೋಗ್ರಾಂ. ಅದರ ಗುರುತ್ವಕೇಂದ್ರ ಕೀಲಿನಿಂದ 45 ಸೆಂಟಿಮೀಟರ್ ದೂರದಲ್ಲಿದೆ. ಬಾಗಿಲು ನೆಲಕ್ಕೆ ಸಮಾಂತರವಾಗಿ ನಿಂತಾಗ ಅದನ್ನು ಕೆಳಕ್ಕೆಳೆಯುವ ತಿರುಗುಬಲ 70.6 ನ್ಯೂಟನ್-ಮೀಟರ್. ಆ ಸ್ಥಿತಿಯಲ್ಲಿ ಶಾಕರಿನ ಲಂಬದೂರ 10 ಸೆಂಟಿಮೀಟರ್ ಆದರೆ, 400 ನ್ಯೂಟನ್ನಿನ ಎರಡು ಶಾಕರುಗಳು ಮೇಲಕ್ಕೆತ್ತುವ ತಿರುಗುಬಲ 80. ಉಳಿಕೆ ಒಂಬತ್ತಕ್ಕಿಂತ ಸ್ವಲ್ಪ ಹೆಚ್ಚು. ಎಲ್ಲವೂ ಈ ಚಿಕ್ಕ ಉಳಿಕೆಯ ಮೇಲೆ ನಿಂತಿದೆ! ಉಳಿಕೆಯನ್ನು ಹೆಚ್ಚಿಸಲು ಅಡ್ಡಿಯೇನೆಂದು ಕೇಳಬಹುದು. ಹೆಚ್ಚಿಸಿದರೆ ಬಾಗಿಲು ತೆರೆಯುವವರ ಗದ್ದಕ್ಕೆ ಬಡಿಯುವ ವೇಗದಲ್ಲಿ ಹಾರೀತು, ಮುಚ್ಚುವಾಗ ಅದಕ್ಕೆ ಜೋತುಬೀಳಬೇಕಾದೀತು. ಆದುದರಿಂದ ತಯಾರಕರು ಬಲವನ್ನು ಅಳೆದು ತೂಗಿಯೇ ಇಟ್ಟಿರುತ್ತಾರೆ.

ವರ್ಷಗಳು ಕಳೆದಂತೆ ಆಗುವುದೇನು? ರಬ್ಬರಿನ ಮುದ್ರೆ ಎಷ್ಟೇ ಬಿಗಿಯಾಗಿದ್ದರೂ ಸಾರಜನಕದ ಅಣುಗಳು ಒಂದೊಂದಾಗಿ ಅದರಲ್ಲಿ ತೂರಿ ಹೊರಬರುತ್ತಲೇ ಇರುತ್ತವೆ. ಸರಳಿಗೆ ಧೂಳು ಮೆತ್ತಿ ಗೀರು ಬಿದ್ದರೆ, ಇಲ್ಲವೆ ಕರಾವಳಿಯ ಉಪ್ಪುಗಾಳಿಗೆ ತುಕ್ಕಿನ ಚುಕ್ಕೆಗಳೆದ್ದರೆ, ಪ್ರತಿ ಸಲ ಜಾರುವಾಗಲೂ ಅದು ಅರದಂತೆ ಮುದ್ರೆಯನ್ನು ಉಜ್ಜುತ್ತದೆ. ಸರಳಿನ ಮೇಲೆ ಎಣ್ಣೆಯ ಪಸೆ ಕಂಡಿತೆಂದರೆ ಮುದ್ರೆ ಸೋತಿತೆಂದೇ ಅರ್ಥ.

ನಮ್ಮ ಶಾಕರುಗಳು ಹೀಗೆ ನೂರಕ್ಕೆ ಹತ್ತರಷ್ಟು ಅನಿಲವನ್ನು ಕಳೆದುಕೊಂಡವೆನ್ನಿ. ಒಂದೊಂದರ ಬಲ 360 ನ್ಯೂಟನ್. ತಿರುಗುಬಲ 72, ಬಾಗಿಲಿಗೆ ಬೇಕಾದುದು 70.6. ಅಂತೂ ನಿಂತಿತು. ಆದರೆ ಇದು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಲೆಕ್ಕ. ಶಾಕರಿನ ಬಲವನ್ನು ಸಾಮಾನ್ಯವಾಗಿ ನಮೂದಿಸುವುದೂ ಆ ಉಷ್ಣತೆಯಲ್ಲಿಯೇ. ಮುಚ್ಚಿದ ಪಾತ್ರೆಯಲ್ಲಿರುವ ಅನಿಲದ ಒತ್ತಡ ನಿರಪೇಕ್ಷ ಉಷ್ಣತೆಗೆ ಅನುಪಾತದಲ್ಲಿರುತ್ತದೆ. ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿಗೆ ಏರಿದಾಗ 293 ಕೆಲ್ವಿನ್ ಇದ್ದುದು 313 ಆಗಿ, ತಿರುಗುಬಲ ಸುಮಾರು 77ಕ್ಕೆ ಹೋಗುತ್ತದೆ. ಮುದಿ ಶಾಕರಿಗೆ ಯೌವನ ಬಂದಂತೆ ತೋರುತ್ತದೆ. ಅದೇ ಕಾರು ಚಿಕ್ಕಮಗಳೂರಿನ ಬೆಟ್ಟದ ಮೇಲೆ 10 ಡಿಗ್ರಿಯ ಚಳಿಯಲ್ಲಿ ರಾತ್ರಿ ಕಳೆದರೆ ಬೆಳಿಗ್ಗೆ ತಿರುಗುಬಲ 69.5ಕ್ಕೆ ಇಳಿದಿರುತ್ತದೆ. ಈಗ ಬಾಗಿಲಿನ ಭಾರವೇ ಮೇಲು. ಮುದ್ರೆಯ ಘರ್ಷಣೆ ಸ್ವಲ್ಪ ಹೊತ್ತು ತಡೆದೀತು. ಒಂದು ಸಣ್ಣ ಅಲುಗಾಟವಾದರೆ ಅದೂ ಸೋಲುತ್ತದೆ. ಅನಿಲ ಸೋರುವುದು ವರ್ಷಗಟ್ಟಲೆ ನಿಧಾನವಾಗಿ. ಬಾಗಿಲು ಬೀಳುವುದು ಮಾತ್ರ ಒಂದು ಬೆಳಿಗ್ಗೆ, ಹಠಾತ್ತಾಗಿ. ಮಧ್ಯಾಹ್ನದ ಬಿಸಿಲಿನಲ್ಲಿ ಪರೀಕ್ಷಿಸಿ ‘ಇನ್ನೂ ಗಟ್ಟಿಯಾಗಿದೆ’ ಎಂದು ತೀರ್ಮಾನಿಸುವುದು ಇದರಿಂದಲೇ ಸರಿಯಲ್ಲ. ಪರೀಕ್ಷೆ ಆಗಬೇಕಾದುದು ಚಳಿಯ ಮುಂಜಾವಿನಲ್ಲಿ.

ಸೋತ ಶಾಕರನ್ನು ಬದಲಿಸುವುದು ಅರ್ಧ ಗಂಟೆಯ ಕೆಲಸ, ಆದರೆ ಒಬ್ಬರೇ ಮಾಡುವ ಕೆಲಸವಲ್ಲ. ಬಾಗಿಲನ್ನು ಪೂರ್ತಿ ಎತ್ತಿ ಇನ್ನೊಬ್ಬರು ಹಿಡಿದಿರಬೇಕು. ಜೊತೆಗೆ ಗಟ್ಟಿಯಾದ ಒಂದು ಮರದ ಊರೆಯೂ ಇರಬೇಕು. ಒಂದು ಶಾಕರನ್ನು ತೆಗೆದೊಡನೆ ಉಳಿದ ಸೋತ ಶಾಕರ್ ಒಂಟಿಯಾಗಿ ಬಾಗಿಲನ್ನು ಹೊರಲಾರದೆಂಬುದನ್ನು ಮೇಲಿನ ಲೆಕ್ಕವೇ ಹೇಳುತ್ತದೆ. ಹೊಸದನ್ನು ಕೊಳ್ಳುವಾಗ ಉದ್ದ, ತುದಿಗಳ ಆಕಾರ ಮತ್ತು ಕೊಳವೆಯ ಮೇಲೆ ಅಚ್ಚಾಗಿರುವ ನ್ಯೂಟನ್ ಸಂಖ್ಯೆ, ಈ ಮೂರೂ ಹೊಂದಬೇಕು. ಹೆಚ್ಚು ಬಲದ್ದಾದರೆ ಒಳ್ಳೆಯದೆಂಬ ಅಂಗಡಿಯವರ ಮಾತಿಗೆ ಒಪ್ಪಬಾರದು; ಕೀಲು ಮತ್ತು ತಗಡು ಆ ಬಲಕ್ಕಾಗಿ ಮಾಡಿದವಲ್ಲ. ಎರಡನ್ನೂ ಒಟ್ಟಿಗೆ ಬದಲಿಸುವುದೇ ಸರಿ. ಒಂದು ಹೊಸದು ಒಂದು ಹಳೆಯದಾದರೆ ಬಾಗಿಲು ಒಂದು ಪಕ್ಕಕ್ಕೆ ತಿರುಚಿಕೊಂಡು ಏರುತ್ತದೆ.

ಬಹುಪಾಲು ಕಾರುಗಳಲ್ಲಿ ಶಾಕರಿನ ತುದಿಯಲ್ಲಿ ಬಟ್ಟಲಿನಂಥ ಕುಳಿಯೊಂದಿದ್ದು ಅದು ಗೋಲಿಯಾಕಾರದ ತಲೆಯುಳ್ಳ ಮೊಳೆಯ ಮೇಲೆ ಕುಳಿತಿರುತ್ತದೆ. ಬಟ್ಟಲಿನ ಹೊರಗೆ ಸುತ್ತಿದ ಉಕ್ಕಿನ ಕ್ಲಿಪ್ಪನ್ನು ಚಿಕ್ಕ ಸ್ಕ್ರೂಡ್ರೈವರಿನ ತುದಿಯಿಂದ ತುಸುವೇ ಮೀಟಿ ಎಳೆದರೆ ಅದು ಕಳಚುತ್ತದೆ. ಹೊಸದರ ಬಟ್ಟಲನ್ನು ಗೋಲಿಯ ಮೇಲಿಟ್ಟು ಒತ್ತಿದರೆ ‘ಟಕ್’ ಎಂದು ಕೂರುತ್ತದೆ. ಹೊಳೆಯುವ ಸರಳನ್ನು ಇಕ್ಕಳದಿಂದ ಹಿಡಿಯಲೇಬಾರದು. ಅಲ್ಲಿ ಬಿದ್ದ ಒಂದು ಗೀರು ಹೊಸ ಮುದ್ರೆಯ ಆಯುಸ್ಸನ್ನು ಕಡಿಯುತ್ತದೆ. ಕೊಳವೆ ಯಾವ ಕಡೆ, ಸರಳು ಯಾವ ಕಡೆ ಎಂಬುದು ಹಳೆಯದರಲ್ಲಿದ್ದಂತೆಯೇ ಇರಬೇಕು. ಸಾಮಾನ್ಯವಾಗಿ ಬಾಗಿಲು ತೆರೆದಾಗ ಸರಳು ಕೆಳಮುಖವಾಗಿರುತ್ತದೆ. ಆಗ ಎಣ್ಣೆ ಇಳಿದು ಮುದ್ರೆಯನ್ನು ತೊಯ್ಸುತ್ತದೆ. ಮಾತ್ರವಲ್ಲ, ಬಾಗಿಲು ಮೇಲೇರಿ ಮುಟ್ಟುವ ಹೊತ್ತಿಗೆ ಪಿಸ್ಟನ್ನು ಆ ಎಣ್ಣೆಯನ್ನು ಹೊಕ್ಕು ಮೆಲ್ಲಗೆ ನಿಲ್ಲುತ್ತದೆ. ಅನಿಲಕ್ಕಿಂತ ಎಣ್ಣೆ ಸಣ್ಣ ರಂಧ್ರಗಳಲ್ಲಿ ಬಹಳ ನಿಧಾನವಾಗಿ ಹರಿಯುವುದೇ ಇದಕ್ಕೆ ಕಾರಣ. ಇಷ್ಟರ ಮಟ್ಟಿಗೆ ಗ್ಯಾರೇಜಿನವರ ‘ಶಾಕರ್’ ಎಂಬ ಹೆಸರು ನ್ಯಾಯವಾದದ್ದು.

ಕಳಚಿದ ಶಾಕರಿನ ಬಲವನ್ನು ಅಳೆಯುವ ಆಸೆಯುಳ್ಳ ವಿದ್ಯಾರ್ಥಿಗಳು ಮನೆಯಲ್ಲಿ ದೇಹತೂಕ ನೋಡುವ ಯಂತ್ರವಿದ್ದರೆ ಹಿರಿಯರ ಸಮ್ಮುಖದಲ್ಲಿ ಅಳೆಯಬಹುದು. ಯಂತ್ರದ ಮೇಲೆ ಮರದ ತುಂಡೊಂದನ್ನಿಟ್ಟು, ಸರಳನ್ನು ಕೆಳಗಾಗಿ ನೆಟ್ಟಗೆ ನಿಲ್ಲಿಸಿ, ಮೇಲಿನ ತುದಿಗೆ ದಪ್ಪ ಬಟ್ಟೆಯಿಟ್ಟು ಅಂಗೈಗಳಿಂದ ಮೆಲ್ಲನೆ ಒತ್ತಬೇಕು. ಓರೆಯಾದರೆ ಜಾರಿ ಹಾರುತ್ತದೆ, ಎಚ್ಚರವಿರಲಿ. ಸರಳು ಒಳಸರಿಯಲು ಆರಂಭಿಸಿದಾಗ 400 ನ್ಯೂಟನ್ನಿನದು ಸುಮಾರು 41 ಕಿಲೋಗ್ರಾಂ ತೋರಿಸಬೇಕು. ಒತ್ತುವಾಗ ಘರ್ಷಣೆ ಸೇರಿ ಸ್ವಲ್ಪ ಹೆಚ್ಚು, ನಿಧಾನವಾಗಿ ಬಿಡುವಾಗ ಸ್ವಲ್ಪ ಕಡಮೆ ಬರುತ್ತದೆ. ಎರಡರ ಸರಾಸರಿಯೇ ಅನಿಲದ ಬಲ. ಹಳೆಯದು 36 ತೋರಿಸಿದರೆ ಬಾಗಿಲು ಬಿದ್ದುದೇಕೆಂಬುದು ಕಣ್ಣಿಗೇ ಕಾಣುತ್ತದೆ.

ಹಳೆಯ ಶಾಕರುಗಳನ್ನು ಏನು ಮಾಡಬೇಕೆಂಬುದೊಂದು ಉಳಿಯಿತು. ಬಾಗಿಲನ್ನು ಹೊರಲಾರದ ಶಾಕರ್ ಖಾಲಿಯಾಗಿದೆ ಎಂದು ಭಾವಿಸುವುದು ಸಹಜ. ನಮ್ಮ ಉದಾಹರಣೆಯಲ್ಲಿ ಸೋತದ್ದರೊಳಗೂ ಒತ್ತಡ 70 ವಾಯುಮಂಡಲಗಳಿಗಿಂತ ಹೆಚ್ಚಿತ್ತು. ಅದನ್ನು ಗರಗಸದಿಂದ ಕೊಯ್ಯುವುದಾಗಲಿ, ರಂಧ್ರ ಕೊರೆಯುವುದಾಗಲಿ, ಒಲೆಗೆ ಎಸೆಯುವುದಾಗಲಿ ಕೂಡದು. ಬೆಂಕಿಯಲ್ಲಿ ಒತ್ತಡ ಏರಿ ಕೊಳವೆ ಸಿಡಿದರೆ ಉಕ್ಕಿನ ಚೂರುಗಳು ಹಾರುತ್ತವೆ. ಬದಲಿಸಿದ ಗ್ಯಾರೇಜಿಗೇ ಹಿಂದಿರುಗಿಸಬಹುದು. ಗುಜರಿಗೆ ಹಾಕುವುದಾದರೆ ಒಳಗೆ ಅನಿಲವಿದೆಯೆಂದು ಬಾಯಿಬಿಟ್ಟು ಹೇಳಿಯೇ ಕೊಡಬೇಕು.